ಓಲೆಯಿಂದ ಅಂಕಿಗೆ

ಹಳೆಯ ಕಾಲದ ದೊಡ್ಡ ಮನೆಯೊಂದರ ಅಟ್ಟವನ್ನು ಹತ್ತಿ ನೋಡಿದವರಿಗೆ ಕೆಲವೊಮ್ಮೆ ಒಂದು ವಿಚಿತ್ರ ದೃಶ್ಯ ಕಾಣುತ್ತದೆ. ಮೂಲೆಯ ಮರದ ಪೆಟ್ಟಿಗೆಯಲ್ಲಿ ಕೆಂಪು ವಸ್ತ್ರ ಸುತ್ತಿದ ಓಲೆಗರಿಯ ಕಟ್ಟು. ಅದರ ಪಕ್ಕದಲ್ಲಿ ಗೆದ್ದಲು ಅಂಚನ್ನು ತಿಂದ ಅಚ್ಚಿನ ಪುಸ್ತಕಗಳು. ಗೋಣಿಚೀಲದ ಕೆಳಗೆ ಗ್ರಾಮಫೋನಿನ ಕಪ್ಪು ತಟ್ಟೆಗಳು. ರಟ್ಟಿನ ಡಬ್ಬಿಯಲ್ಲಿ ಧ್ವನಿಸುರುಳಿಗಳು. ಎಲ್ಲಕ್ಕೂ ಮೇಲೆ, ಧೂಳಿನ ನಡುವೆಯೂ ಹೊಳೆಯುವ ಹತ್ತಾರು ಸಿ.ಡಿ.ಗಳು. ಒಂದೊಂದು ತಲೆಮಾರೂ ತಾನು ಮೆಚ್ಚಿದ ಮಾತನ್ನು, ಹಾಡನ್ನು, ತನ್ನ ಕಾಲದ ಪಾತ್ರೆಯಲ್ಲಿ ತುಂಬಿಟ್ಟು ಹೋಗಿದೆ. ಆ ಮನೆಯ ಮೊಮ್ಮಗಳಿಗೆ ಇಂದು ಅಟ್ಟದ ಅಗತ್ಯವಿಲ್ಲ. ಅಂಗೈಯಗಲದ ಮೊಬೈಲಿನಲ್ಲಿ ಅವಳಿಗೆ ಪಂಪನೂ ದೊರೆಯುತ್ತಾನೆ, ಭೀಮಸೇನ ಜೋಶಿಯವರೂ ದೊರೆಯುತ್ತಾರೆ.

ಆದರೆ ಅಟ್ಟದ ಮೇಲಿರುವುದೆಲ್ಲವೂ ಅಂಗೈಗೆ ಇಳಿದಿದೆಯೆ? ಹಾಲನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುವಾಗ ಅಷ್ಟಿಷ್ಟು ಚೆಲ್ಲುವುದುಂಟು. ಗ್ರಂಥ ಮತ್ತು ಸಂಗೀತಗಳ ವಿಷಯದಲ್ಲಿಯೂ ಹೀಗೆಯೇ. ಸುರಿಯುವ ಕೈ ಎಷ್ಟು ಎಚ್ಚರದ್ದು ಎಂಬುದರ ಮೇಲೆ ಉಳಿಯುವ ಹಾಲಿನ ಪ್ರಮಾಣ ನಿಂತಿದೆ.

ಪುಸ್ತಕಗಳ ಕಥೆಯನ್ನೇ ಮೊದಲು ನೋಡಬಹುದು. ಓಲೆಗರಿಯ ಕಾಲದಲ್ಲಿ ಒಂದು ಕಾವ್ಯ ಬದುಕಿ ಉಳಿಯಬೇಕಾದರೆ ಯಾರಾದರೊಬ್ಬರು ಅದನ್ನು ಮತ್ತೆ ಮತ್ತೆ ಬರೆಯಬೇಕಾಗಿತ್ತು. ತಾಳೆಯ ಗರಿಯನ್ನು ಹದಮಾಡಿ, ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು, ಮಸಿ ತೊಡೆದು, ರಂಧ್ರದಲ್ಲಿ ದಾರ ಪೋಣಿಸಿ, ಎರಡು ಹಲಗೆಗಳ ನಡುವೆ ಬಿಗಿದು ಕಟ್ಟುವ ಆ ಕೆಲಸಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದುವು. ಹುಳು, ತೇವ, ಬೆಂಕಿ, ಮರೆವು ಎಲ್ಲವೂ ಗರಿಯ ಶತ್ರುಗಳೇ. ಪ್ರತಿ ಮಾಡುವವನಿಲ್ಲದ ಗ್ರಂಥವು ಕೆಲವು ಶತಮಾನಗಳಲ್ಲಿ ಪುಡಿಯಾಗಿ ಹೋಗುತ್ತಿತ್ತು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಕನ್ನಡ ನಾಡಿನಲ್ಲಿ ಪ್ರಸಿದ್ಧವಾದ ಸಂಗತಿ. ಅದನ್ನು ಧರ್ಮಕಾರ್ಯವೆಂದು ಹೊಗಳುವುದು ರೂಢಿ. ಅದು ಧರ್ಮಕಾರ್ಯ ಹೌದು. ಗ್ರಂಥ ಉಳಿಯುವ ಬಗೆಯನ್ನು ಬಲ್ಲವಳ ಜಾಣತನವೂ ಹೌದು. ಸಾವಿರ ಕಡೆ ಇರುವ ಪುಸ್ತಕವನ್ನು ಒಂದು ಬೆಂಕಿ ಸುಡಲಾರದು.

ಇದಕ್ಕೆ ಎದುರಾಗಿ ಕೌಟಿಲ್ಯನ ಅರ್ಥಶಾಸ್ತ್ರದ ಪಾಡನ್ನು ನೆನೆಯಬೇಕು. ಬಹುಕಾಲ ಅದು ವಿದ್ವಾಂಸರಿಗೆ ಹೆಸರಿನಿಂದ, ಅಲ್ಲಲ್ಲಿನ ಉಲ್ಲೇಖಗಳಿಂದ ಮಾತ್ರ ತಿಳಿದಿದ್ದ ಗ್ರಂಥವಾಗಿತ್ತು. 1905ರ ಸುಮಾರಿಗೆ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಗ್ರಂಥಲಿಪಿಯ ಒಂದು ಓಲೆಯ ಕಟ್ಟು ಬಂದಿತು. ಅಲ್ಲಿನ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ, ಅದು ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಲೋಕವೆಲ್ಲ ಬೆರಗಾಯಿತು. ಆ ಕಟ್ಟನ್ನು ತಂದೊಪ್ಪಿಸಿದವನನ್ನು ಮಾತ್ರ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತನೆಂದಷ್ಟೇ ನೆನೆಯುತ್ತೇವೆ. ಗ್ರಂಥ ದಾಟಿ ಬಂದಿತು, ದಾಟಿಸಿದವನ ಹೆಸರು ಜಾರಿಹೋಯಿತು.

ಓಲೆಯಿಂದ ಅಚ್ಚಿಗೆ ದಾಟಿಸುವ ಕೆಲಸವು ಕನ್ನಡದಲ್ಲಿ ಬಹುಮಟ್ಟಿಗೆ ಕೆಲವೇ ವ್ಯಕ್ತಿಗಳ ಹಟದಿಂದ ನಡೆದಿದೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿದರು. ಮಠಗಳಲ್ಲಿ, ಮನೆಗಳಲ್ಲಿ, ದೇವರ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ವಚನಗಳ ಕಟ್ಟುಗಳನ್ನು ಬಿಚ್ಚಿಸಿ ಪ್ರತಿ ಮಾಡಿಕೊಂಡರು. 1923ರಲ್ಲಿ ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಯಿತು. ಮುಂದೆ ಈ ಕಾರ್ಯಕ್ಕಾಗಿಯೇ ತಮ್ಮ ಮನೆಯನ್ನು ಮಾರಿ ಮುದ್ರಣಾಲಯವೊಂದನ್ನು ತೆರೆದರು. ಕಟ್ಟಿಗೆ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದವರಲ್ಲಿ ಎಷ್ಟು ಜನ ಒಳಗಿನ ಅಕ್ಷರವನ್ನು ಓದಿದ್ದರೋ! ಪೂಜೆ ಗ್ರಂಥವನ್ನು ಒಂದಷ್ಟು ಕಾಲ ಕಾಯುತ್ತದೆ. ಓದು ಮಾತ್ರ ಅದನ್ನು ಮುಂದಕ್ಕೆ ದಾಟಿಸುತ್ತದೆ.

ಸಂಗೀತದ ಕಥೆ ಇದಕ್ಕಿಂತ ಈಚಿನದು. ಅಕ್ಷರಕ್ಕೆ ಸಾವಿರಾರು ವರ್ಷಗಳಿಂದ ಪಾತ್ರೆಯಿತ್ತು, ನಾದಕ್ಕೆ ಇರಲಿಲ್ಲ. ಗಾಯಕನ ದನಿಯು ಗಾಯಕನೊಡನೆಯೇ ಮಣ್ಣಾಗುತ್ತಿತ್ತು. 1877ರಲ್ಲಿ ಅಮೆರಿಕದ ಎಡಿಸನ್ನನು ಧ್ವನಿಯನ್ನು ಹಿಡಿದಿಟ್ಟು ಮರಳಿ ಕೇಳಿಸುವ ಯಂತ್ರವನ್ನು ಮಾಡಿದನು. ಹತ್ತು ವರ್ಷಗಳ ಬಳಿಕ ಎಮಿಲ್ ಬರ್ಲಿನರ್ ಎಂಬವನು ಚಪ್ಪಟೆಯಾದ ತಟ್ಟೆಯ ಗ್ರಾಮಫೋನನ್ನು ರೂಪಿಸಿದನು. ಬಹುಕಾಲ ಈ ತಟ್ಟೆಗಳಿಗೆ ಬಳಕೆಯಾದ ಮುಖ್ಯ ವಸ್ತು ಅರಗು, ಎಂದರೆ ಮರಗಳ ಮೇಲೆ ಬಾಳುವ ಪುಟ್ಟ ಕೀಟಗಳು ಸ್ರವಿಸುವ ಅಂಟು. ಕೈಜಾರಿ ಬಿದ್ದರೆ ಹಪ್ಪಳದಂತೆ ಒಡೆಯುತ್ತಿದ್ದ ಆ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷದ ಹಾಡು ಹಿಡಿಯುತ್ತಿತ್ತು.

1902ರ ನವೆಂಬರ್ ತಿಂಗಳಲ್ಲಿ ಇಂಗ್ಲೆಂಡಿನ ಗ್ರಾಮಫೋನ್ ಕಂಪನಿಯವರು ಕಲ್ಕತ್ತೆಗೆ ಬಂದು ಭಾರತದ ಗಾಯಕರ ಧ್ವನಿಯನ್ನು ಮುದ್ರಿಸಿಕೊಂಡರು. ಆಗ ಹಾಡಿದವರಲ್ಲಿ ಗೌಹರ್ ಜಾನ್ ಅತ್ಯಂತ ಪ್ರಸಿದ್ಧರು. ರಾತ್ರಿಯಿಡೀ ಹಾಡಬಲ್ಲವರು ರಾಗವನ್ನು ಮೂರು ನಿಮಿಷಕ್ಕೆ ಮಡಿಚಿ ಇಡಬೇಕಾಯಿತು. ಅದು ಸಾಧ್ಯವಿಲ್ಲವೆಂದು, ಯಂತ್ರದ ಮುಂದೆ ಹಾಡುವುದು ಅಪಚಾರವೆಂದು ಹಿಂದೆ ಸರಿದವರೂ ಇದ್ದರು. ಗೌಹರ್ ಜಾನ್ ಸರಿಯಲಿಲ್ಲ. ಹಾಡು ಮುಗಿದೊಡನೆ ಅವರು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಹೇಳುತ್ತಿದ್ದರು. ಮುದ್ರಣದ ಮೂಲಪ್ರತಿ ಹಡಗೇರಿ ಜರ್ಮನಿಯ ಹಾನೋವರ್ ಪಟ್ಟಣಕ್ಕೆ ಹೋಗಿ ಅಲ್ಲಿ ತಟ್ಟೆಗಳಾಗಬೇಕಾಗಿತ್ತು. ಭಾಷೆಯನ್ನೂ ಸಂಗೀತವನ್ನೂ ಅರಿಯದ ಅಲ್ಲಿನ ಕೆಲಸಗಾರರಿಗೆ ಹಾಡಿದವರಾರೆಂದು ತಿಳಿಯಲು ಈ ಉಪಾಯ. ಓಲೆಗ್ರಂಥದ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರನ್ನು ಬರೆದಿಡುತ್ತಿದ್ದ ಪದ್ಧತಿಯನ್ನು ಇದು ನೆನಪಿಗೆ ತರುತ್ತದೆ. ಗೌಹರ್ ಜಾನ್ ತಮ್ಮ ಕೊನೆಯ ದಿನಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವನ್ನು ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು.

ಮೂರು ನಿಮಿಷವೆಂದರೆ ಅಲ್ಪವೆಂದು ಎಣಿಸಬಾರದು. ಗದಗು ಸೀಮೆಯಲ್ಲಿ ಬೆಳೆಯುತ್ತಿದ್ದ ಹುಡುಗನೊಬ್ಬನು ಅಬ್ದುಲ್ ಕರೀಂ ಖಾನರ ಠುಮರಿಯ ತಟ್ಟೆಯೊಂದನ್ನು ಕೇಳಿದನು. ಅಂಥ ಹಾಡುಗಾರಿಕೆ ತನಗೂ ಬೇಕೆಂದು ಹನ್ನೊಂದನೆಯ ವಯಸ್ಸಿನಲ್ಲಿ, 1933ರಲ್ಲಿ, ಗುರುವನ್ನು ಹುಡುಕುತ್ತ ಮನೆಬಿಟ್ಟು ಹೊರಟನು. ಆತನೇ ಮುಂದೆ ಪಂಡಿತ ಭೀಮಸೇನ ಜೋಶಿ ಎಂದು ಲೋಕಕ್ಕೆ ಪರಿಚಿತರಾದರು.

ಮುಂದಿನ ಬದಲಾವಣೆಗಳು ಬೇಗ ಬೇಗ ಬಂದುವು. 1948ರಲ್ಲಿ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಾಡುವ ದೊಡ್ಡ ತಟ್ಟೆ ಬಂದಿತು. 1963ರಲ್ಲಿ ಧ್ವನಿಸುರುಳಿಯ ಕ್ಯಾಸೆಟ್ಟು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕನ್ನಡಿಗರ ಮನೆಗಳನ್ನು 1978ರಲ್ಲಿ ಹೊಕ್ಕದ್ದು ಈ ಸುರುಳಿಯ ಮೂಲಕವೇ. ಸುರುಳಿಯ ದೊಡ್ಡ ಗುಣವೆಂದರೆ ಅದರಲ್ಲಿ ಯಾರು ಬೇಕಾದರೂ ತಮ್ಮ ಧ್ವನಿಯನ್ನು ತಾವೇ ತುಂಬಬಹುದಾಗಿತ್ತು. ಸಿಕ್ಕಿಕೊಂಡ ಟೇಪನ್ನು ಪೆನ್ಸಿಲಿನಿಂದ ಸುತ್ತಿ ಸರಿಪಡಿಸುವ ವಿದ್ಯೆ ಆ ಕಾಲದ ಮಕ್ಕಳಿಗೆಲ್ಲ ಕರತಲಾಮಲಕ.

1982ರಲ್ಲಿ ಸಿ.ಡಿ. ಬಂದಾಗ ನಡೆದುದು ಬೇರೊಂದು ಬಗೆಯ ಬದಲಾವಣೆ. ಅಲ್ಲಿಯವರೆಗೆ ಧ್ವನಿಯ ಅಲೆಯ ಆಕಾರವೇ ತಟ್ಟೆಯ ಗೀರಿನಲ್ಲಿಯೋ ಟೇಪಿನ ಕಾಂತಶಕ್ತಿಯಲ್ಲಿಯೋ ಮೂಡುತ್ತಿತ್ತು. ಸಿ.ಡಿ.ಯಲ್ಲಿ ಅಲೆಯ ಬದಲು ಅಲೆಯ ಅಳತೆ ಇರುತ್ತದೆ. ಒಂದು ಸೆಕೆಂಡಿಗೆ 44,100 ಸಲ ಅಲೆಯ ಎತ್ತರವನ್ನು ಅಳೆದು, ಪ್ರತಿಯೊಂದು ಅಳತೆಯನ್ನೂ 65,536 ಮೆಟ್ಟಿಲುಗಳ ಏಣಿಯಲ್ಲಿ ಒಂದು ಮೆಟ್ಟಿಲಾಗಿ ಗುರುತಿಸಿ, ಆ ಸಂಖ್ಯೆಗಳನ್ನು ಬರೆದಿಡುತ್ತಾರೆ. ಸಂಖ್ಯೆಯನ್ನು ನಕಲು ಮಾಡುವಾಗ ಅದು ಮಾಸುವುದಿಲ್ಲ. ಟೇಪಿನ ನಕಲಿನ ನಕಲು ಮಂಕಾಗುತ್ತ ಹೋಗುತ್ತಿತ್ತು; ಸಂಖ್ಯೆಯ ಸಾವಿರನೆಯ ನಕಲೂ ಮೊದಲನೆಯದರಷ್ಟೇ ಸ್ಪಷ್ಟ. ಲಿಪಿಕಾರನ ಕೈತಪ್ಪಿನ ಭಯ ಇಲ್ಲಿ ಬಹುಮಟ್ಟಿಗೆ ನೀಗಿತು.

ಆದರೂ ಮನುಷ್ಯನ ಆತುರ ಬಿಡಲಿಲ್ಲ. ಸಿ.ಡಿ.ಯ ಮೂರು ನಿಮಿಷದ ಹಾಡಿಗೆ 31 ಮೆಗಾಬೈಟಿಗೂ ಹೆಚ್ಚು ಸ್ಥಳ ಬೇಕು. ಜರ್ಮನಿಯ ವಿಜ್ಞಾನಿಗಳು ಮುಂದಾಗಿ ನಿಂತು ರೂಪಿಸಿದ ಎಂಪಿ3 ಎಂಬ ವಿಧಾನದಲ್ಲಿ ಅದೇ ಹಾಡು 3 ಮೆಗಾಬೈಟಿನೊಳಗೆ ಅಡಗಬಲ್ಲುದು. ಒಂದು ದೊಡ್ಡ ಸದ್ದಿನ ಮರೆಯಲ್ಲಿ ಕಿವಿಗೆ ಕೇಳಿಸದೆ ಹೋಗುವ ಸಣ್ಣ ಸದ್ದುಗಳನ್ನು ಲೆಕ್ಕಹಾಕಿ ತೆಗೆದುಹಾಕುವುದು ಇದರ ಗುಟ್ಟು. ಹೀಗೆ ತೆಗೆದದ್ದನ್ನು ಮತ್ತೆ ತುಂಬಲು ಬಾರದು. ಹೆಚ್ಚು ಹಿಂಡಿದರೆ ತಂಬೂರಿಯ ಝೇಂಕಾರ ಒಣಗಿದಂತಾಗುವುದನ್ನು ಸೂಕ್ಷ್ಮ ಕಿವಿಯವರು ಬಲ್ಲರು. ಇದಕ್ಕಿಂತಲೂ ದೊಡ್ಡ ನಷ್ಟ ಬೇರೊಂದು ಕಡೆ ಆಯಿತು. ದೊಡ್ಡ ತಟ್ಟೆಯ ರಟ್ಟಿನ ಹೊದಿಕೆಯ ಬೆನ್ನಿನಲ್ಲಿ ರಾಗ, ತಾಳ, ತಬಲಾ ನುಡಿಸಿದವರಾರು, ಪಿಟೀಲಿನವರಾರು ಎಂಬ ವಿವರವೆಲ್ಲ ಅಚ್ಚಾಗಿರುತ್ತಿತ್ತು. ಹಾಡು ಗಣಕಯಂತ್ರಕ್ಕೆ ಹೋದಾಗ ಎಷ್ಟೋ ಸಲ ಅದಕ್ಕೆ ಉಳಿದ ಹೆಸರು ‘ಟ್ರ್ಯಾಕ್ 01’. ಇದು ಯಂತ್ರದ ದೋಷವಲ್ಲ. ಹೆಸರನ್ನು ಬರೆಯಲು ಜಾಗವಿತ್ತು. ಬರೆಯುವ ವ್ಯವಧಾನ ಇರಲಿಲ್ಲ.

ಅಕ್ಷರಗಳೂ ಈಗ ಅಂಕಿಗಳೇ ಆಗಿವೆ. ಗಣಕಯಂತ್ರಕ್ಕೆ ‘ಕ’ ಎಂಬುದು 3221ನೆಯ ಸಂಖ್ಯೆ. ಗುಣಿಸಿನ ಗುರುತು 3263. ಇವೆರಡನ್ನೂ ಒಂದರ ಹಿಂದೊಂದು ಇಟ್ಟರೆ ‘ಕಿ’ ಮೂಡುತ್ತದೆ. 1991ರಲ್ಲಿ ಹೊರಬಂದ ಯೂನಿಕೋಡ್ ಎಂಬ ಜಾಗತಿಕ ಒಪ್ಪಂದದಲ್ಲಿ ಕನ್ನಡ ಅಕ್ಷರಗಳಿಗೆ ಇಂಥ ಸಂಖ್ಯೆಗಳು ದೊರೆತುವು. ಅದು ಬಳಕೆಗೆ ಬರುವ ತನಕ ಒಂದೊಂದು ತಂತ್ರಾಂಶಕ್ಕೂ ಒಂದೊಂದು ಲೆಕ್ಕ. ಒಂದು ಯಂತ್ರದಲ್ಲಿ ಅಂದವಾಗಿ ಕಂಡ ಕನ್ನಡ ಬರಹ ಇನ್ನೊಂದರಲ್ಲಿ ಅರ್ಥವಿಲ್ಲದ ರೋಮನ್ ಗುರುತುಗಳ ರಾಶಿಯಾಗುತ್ತಿತ್ತು. ಆಗ ಬರೆದಿಟ್ಟ ಎಷ್ಟೋ ಕಡತಗಳನ್ನು ಇಂದು ಪರಿವರ್ತಿಸದೆ ಓದಲಾಗದು. ಮೂವತ್ತು ವರ್ಷದ ಹಿಂದಿನ ಬರಹಕ್ಕೂ ಲಿಪಿತಜ್ಞ ಬೇಕಾದ ಕಾಲವಿದು!

ಅಂಕಿಗಳ ಲೋಕವು ಶಾಶ್ವತವೆಂಬ ಭ್ರಮೆ ಬಹಳ ಜನರಲ್ಲಿದೆ. ಈ ಶತಮಾನದ ಆರಂಭದ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿದಂತೆ ಹಲವು ಸಂಸ್ಥೆಗಳು ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಎಂಬ ಯೋಜನೆಯಲ್ಲಿ ಕನ್ನಡದವೂ ಸೇರಿ ಲಕ್ಷಾಂತರ ಪುಸ್ತಕಗಳ ಪುಟಗಳ ಚಿತ್ರ ತೆಗೆದುವು. ಮಹತ್ತಾದ ಕೆಲಸವದು. ಆದರೆ ಕನ್ನಡ ಪುಸ್ತಕದ ಹೆಸರನ್ನು ರೋಮನ್ ಅಕ್ಷರದಲ್ಲಿ ಅಡ್ಡಾದಿಡ್ಡಿಯಾಗಿ ಬರೆದುದರಿಂದ ಇದ್ದ ಪುಸ್ತಕವೇ ಹುಡುಕುವವರಿಗೆ ಇಲ್ಲದಂತಾಯಿತು. ಕೆಲವು ವರ್ಷಗಳ ಮೇಲೆ ಆ ತಾಣವೇ ಮುಚ್ಚಿಹೋಯಿತು. ಅಷ್ಟರಲ್ಲಿ ಆ ಪುಸ್ತಕಗಳನ್ನು ನಕಲು ಮಾಡಿ ಅಮೆರಿಕದ ‘ಇಂಟರ್ನೆಟ್ ಆರ್ಕೈವ್’ನಲ್ಲಿ ಇಟ್ಟವರಿದ್ದರು, ಆದುದರಿಂದ ಅವು ಇಂದಿಗೂ ಓದಲು ದೊರೆಯುತ್ತಿವೆ. ಅತ್ತಿಮಬ್ಬೆಯ ಉಪಾಯವೇ ಇಲ್ಲಿಯೂ ಕಾಯ್ದಿತು. ಹಾಗೆ ನಕಲು ಮಾಡುವವರಿಲ್ಲದಿದ್ದರೆ ಆಗುವುದೇನು? ಮೈಸ್ಪೇಸ್ ಎಂಬ ತಾಣಕ್ಕೆ 2015ಕ್ಕೆ ಮುಂಚೆ ಜನರು ಏರಿಸಿದ್ದ ಹಾಡುಗಳು, ಯಂತ್ರದಿಂದ ಯಂತ್ರಕ್ಕೆ ಸಾಗಿಸುವಾಗ ಅಳಿಸಿಹೋದುವೆಂದು 2019ರಲ್ಲಿ ಆ ಸಂಸ್ಥೆಯೇ ಒಪ್ಪಿಕೊಂಡಿತು. ಆ ಎಲ್ಲ ಹಾಡುಗಳು ಇದ್ದುದು ಒಂದೇ ಅಟ್ಟದ ಮೇಲೆ.

ಇನ್ನೊಂದು ಪ್ರಸಂಗ. 2009ರ ಜುಲೈಯಲ್ಲಿ ಅಮೆಜಾನ್ ಕಂಪನಿಯು ತಾನು ಮಾರಿದ್ದ ಜಾರ್ಜ್ ಆರ್ವೆಲ್ಲನ ಎರಡು ಪುಸ್ತಕಗಳನ್ನು, ಮಾರಾಟದ ಹಕ್ಕಿನ ತೊಡಕು ಕಾಣಿಸಿಕೊಂಡಿತೆಂದು, ಕೊಂಡವರ ಓದುಯಂತ್ರಗಳಿಂದ ದೂರದಿಂದಲೇ ಅಳಿಸಿಹಾಕಿತು. ಹಣವನ್ನೇನೋ ಹಿಂದಿರುಗಿಸಿತು. ಆದರೆ ಪಾಠಕ್ಕಾಗಿ ಆ ಪುಸ್ತಕ ಓದುತ್ತ ಟಿಪ್ಪಣಿ ಬರೆದುಕೊಂಡಿದ್ದ ಶಾಲಾ ವಿದ್ಯಾರ್ಥಿಯೊಬ್ಬನ ಶ್ರಮ ನೀರುಪಾಲಾಯಿತು. ಅವನು ನ್ಯಾಯಾಲಯದ ಮೆಟ್ಟಿಲು ಹತ್ತಿದನು. ಕಂಪನಿ ಕ್ಷಮೆ ಕೇಳಿತು. ಪೇಟೆಯಲ್ಲಿ ಕೊಂಡ ಪುಸ್ತಕವನ್ನು ಅಂಗಡಿಯವನು ರಾತ್ರಿ ಮನೆಗೆ ನುಗ್ಗಿ ಒಯ್ಯಲಾರನು. ತೆರೆಯ ಮೇಲಿನ ಪುಸ್ತಕದಲ್ಲಿ ಕೊಂಡವನಿಗೆ ಹಲವು ಸಲ ಓದುವ ಅನುಮತಿಯಷ್ಟೇ ಇರುತ್ತದೆ, ಒಡೆತನ ಇರುವುದಿಲ್ಲ.

ಇಷ್ಟನ್ನು ಹೇಳಿ ಹೊಸತನ್ನು ಹಳಿದರೆ ಅದು ಅನ್ಯಾಯ. ಗ್ರಂಥಾಲಯವಿಲ್ಲದ ಹಳ್ಳಿಯ ಬಾಲಕಿಯು ಇಂದು ಕಿಟ್ಟೆಲ್ಲರ 1894ರ ನಿಘಂಟನ್ನು ಮನೆಯಲ್ಲಿ ಕುಳಿತು ತಿರುವಬಹುದು. ಕಣ್ಣಿಲ್ಲದವರಿಗೆ ಯಂತ್ರವೇ ಕನ್ನಡ ಬರಹವನ್ನು ಓದಿ ಹೇಳುತ್ತದೆ. ಹಳಕಟ್ಟಿಯವರು ಊರೂರು ಅಲೆದು ಕೂಡಿಸಿದಂಥ ವಚನಗಳಲ್ಲಿ ಒಂದು ಶಬ್ದವು ಎಲ್ಲೆಲ್ಲಿ ಬಂದಿದೆಯೆಂಬುದನ್ನು ಕ್ಷಣಮಾತ್ರದಲ್ಲಿ ಹುಡುಕಬಹುದು. ಅವರು ಇದನ್ನು ಕಂಡಿದ್ದರೆ ಎಷ್ಟು ಹಿಗ್ಗುತ್ತಿದ್ದರೋ!

ಕಂಪನಿಗಳೂ ಸಂಸ್ಥೆಗಳೂ ಪ್ರಸಿದ್ಧರ ಹಾಡುಗಳನ್ನು ಹೇಗೋ ದಾಟಿಸಿಕೊಳ್ಳುತ್ತವೆ. ಯಾರೂ ದಾಟಿಸದೆ ಉಳಿದಿರುವುದು ಅಟ್ಟದ ಆ ರಟ್ಟಿನ ಡಬ್ಬಿಯಲ್ಲಿದೆ. ಮದುವೆಯಲ್ಲಿ ಹಾಡಿದ ಸೋಬಾನೆ, ಬೀಸುವಾಗಿನ ಪದ, ಅಜ್ಜಿ ಹೇಳಿದ ಕಥೆ ಇವೆಲ್ಲ ಇರುವುದು ಆ ಒಂದೇ ಸುರುಳಿಯಲ್ಲಿ. ಟೇಪಿನ ಮೇಲಿನ ಲೇಪ ವರ್ಷದಿಂದ ವರ್ಷಕ್ಕೆ ಉದುರುತ್ತಿದೆ, ಅದನ್ನು ನುಡಿಸುವ ಯಂತ್ರಗಳು ಅಪರೂಪವಾಗುತ್ತಿವೆ. ಸುರುಳಿಯ ಮೇಲೆ ಅಂಟಿಸಿದ ಚೀಟಿಯ ಬರಹ ಮಾಸಿದ್ದರೆ, ಹಾಡಿದವರು ಯಾರೆಂದು ಹೇಳಬಲ್ಲ ಒಬ್ಬಿಬ್ಬರು ಹಿರಿಯರು ಮಾತ್ರ ಇನ್ನೂ ಕೆಳಗೆ ಜಗಲಿಯ ಮೇಲೆ ಕುಳಿತಿರುತ್ತಾರೆ.

ಗೌಹರ್ ಜಾನರ ಹಾಡುಗಳು ಅರಗಿನಿಂದ ಅಂಕಿಗೆ ದಾಟಿ ಬಂದಿವೆ. ತಟ್ಟೆಯ ಮೇಲೆ ಸೂಜಿ ಕೆರೆಯುವ ಸದ್ದೂ ಜೊತೆಯಲ್ಲಿಯೇ ಬಂದಿದೆ. ಮೂರು ನಿಮಿಷ ಕಳೆದು ಹಾಡು ನಿಲ್ಲುತ್ತದೆ. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ, ಆ ಕರಕರ ಸದ್ದಿನ ನಡುವೆ, ಒಂದು ಹೆಣ್ಣುದನಿ ತನ್ನ ಹೆಸರನ್ನು ಹೇಳುತ್ತದೆ.