ಲೇಬಲ್ ಅಚ್ಚಿಗೆ ಹೋಗುವ ಮುನ್ನ: ಸ್ವಸಹಾಯ ಗುಂಪುಗಳ ಲಾಂಛನ ಮತ್ತು ಮುದ್ರಣ ಕುರಿತ ಅಭ್ಯಾಸ ಲೇಖನ

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಸ್ವಸಹಾಯ ಗುಂಪುಗಳು ತಯಾರಿಸುವ ಚಟ್ನಿಪುಡಿ, ರೊಟ್ಟಿ, ಹಪ್ಪಳ, ಸಿರಿಧಾನ್ಯದ ಹಿಟ್ಟು ಮೊದಲಾದವು ಸಂತೆಯನ್ನು ದಾಟಿ ಅಂಗಡಿಗೆ ಹೋಗಬೇಕಾದಾಗ ಲಾಂಛನ ಮತ್ತು ಲೇಬಲ್‌ನ ಪ್ರಶ್ನೆ ಎದುರಾಗುತ್ತದೆ. ಗುಂಪಿನ ಬಳಿ ಇರುವ ಹಣ ಅಲ್ಪ. ಅದರಲ್ಲಿ ಹೆಚ್ಚಿನ ಪಾಲು ಶೇಂಗಾ, ಎಣ್ಣೆ, ಪೊಟ್ಟಣಗಳಿಗೇ ಹೋಗುತ್ತದೆ. ಐದು ಸಾವಿರ ಲೇಬಲ್ ಅಚ್ಚಾಗಿ ಬಂದ ಮೇಲೆ ತಪ್ಪು ಕಂಡರೆ ಆ ನಷ್ಟವನ್ನು ಸದಸ್ಯೆಯರ ಉಳಿತಾಯವೇ ಹೊರಬೇಕು. ಆದ್ದರಿಂದ ಒಕ್ಕೂಟದ ಪದಾಧಿಕಾರಿಗಳು ಮತ್ತು ಮುಖ್ಯ ಪುಸ್ತಕ ಬರಹಗಾರರು ಮುದ್ರಣಾಲಯಕ್ಕೆ ಹೋಗುವ ಮೊದಲು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಸಾಮಾನ್ಯವಾಗಿ ಲಾಂಛನವನ್ನು ಗಣಕಯಂತ್ರದ ಪರದೆಯ ಮೇಲೆ ದೊಡ್ಡದಾಗಿ ನೋಡಿ ಒಪ್ಪಲಾಗುತ್ತದೆ. ದೀಪ, ತೆನೆ, ಕೈಹಿಡಿದು ನಿಂತ ಮಹಿಳೆಯರು, ಉದಯಿಸುವ ಸೂರ್ಯ ಎಲ್ಲವೂ ಒಂದೇ ವೃತ್ತದೊಳಗೆ ಸೇರಿರುತ್ತವೆ. ಸಭೆಯಲ್ಲಿ ಬಂದ ಹತ್ತು ಸಲಹೆಗಳಿಗೂ ಮಾನ್ಯತೆ ಕೊಟ್ಟುದರ ಫಲವಿದು. ಅದೇ ಲಾಂಛನ ರಬ್ಬರ್ ಮೊಹರಿಗೆ ಇಳಿದಾಗ ಮಸಿಯ ಕಲೆಯಾಗುತ್ತದೆ. ಮೊಹರು, ರಸೀದಿ, ಬಟ್ಟೆಚೀಲ, ನೆರಳಚ್ಚು ಪ್ರತಿ ಇವೆಲ್ಲವೂ ಒಂದೇ ಬಣ್ಣದವು. ಆದ್ದರಿಂದ ಲಾಂಛನವನ್ನು ಮೊದಲು ಕಪ್ಪಿನಲ್ಲಿಯೇ ಬರೆಸಿ, ಒಂದೂವರೆ ಸೆಂಟಿಮೀಟರ್ ಅಗಲಕ್ಕೆ ಕುಗ್ಗಿಸಿ, ನೆರಳಚ್ಚು ತೆಗೆಸಿ, ಕೈಯಳತೆಯ ದೂರದಿಂದ ನೋಡತಕ್ಕದ್ದು. ಗುರುತು ಸಿಗದಿದ್ದರೆ ಚಿತ್ರವನ್ನು ಕಡಿಮೆ ಮಾಡಬೇಕೇ ಹೊರತು ಬಣ್ಣ ಸೇರಿಸುವುದು ಪರಿಹಾರವಲ್ಲ. ರಾಷ್ಟ್ರಲಾಂಛನವನ್ನಾಗಲಿ ರಾಜ್ಯದ ಗಂಡಭೇರುಂಡ ಮುದ್ರೆಯನ್ನಾಗಲಿ ಗುಂಪಿನ ಲಾಂಛನದಲ್ಲಿ ಬಳಸುವಂತಿಲ್ಲ. 1950 ಮತ್ತು 2005ರ ಕಾಯ್ದೆಗಳು ಇಂತಹ ಬಳಕೆಯನ್ನು ನಿಷೇಧಿಸಿವೆ.

ಇನ್ನು ವೆಚ್ಚದ ವಿಚಾರ. ಆಫ್‌ಸೆಟ್ ಮುದ್ರಣದಲ್ಲಿ ಪ್ರತಿ ಬಣ್ಣಕ್ಕೂ ಪ್ರತ್ಯೇಕ ಪ್ಲೇಟ್ ಬೇಕು. ಒಂದೇ ಬಣ್ಣವಾದರೆ ಒಂದೇ ಪ್ಲೇಟ್ ಸಾಕು. ಆ ಬಣ್ಣ ಯಾವುದು? ಸಸ್ಯಾಹಾರಿ ಉತ್ಪನ್ನದ ಲೇಬಲ್ ಮೇಲೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಕಡ್ಡಾಯ. ಲೇಬಲ್ ಕೆಂಪಿನಲ್ಲಿದ್ದರೆ ಆ ಒಂದು ಚುಕ್ಕೆಗಾಗಿ ಎರಡನೆಯ ಪ್ಲೇಟ್ ಮಾಡಿಸಬೇಕಾಗುತ್ತದೆ. ಇಡೀ ಲೇಬಲನ್ನೇ ಗಾಢ ಹಸಿರಿನಲ್ಲಿ ಅಚ್ಚು ಹಾಕಿಸಿದರೆ ಚುಕ್ಕೆಗೆ ಬೇರೆ ಖರ್ಚಿಲ್ಲ. ಚಟ್ನಿಪುಡಿಗೆ ಕೆಂಪೇ ಚೆನ್ನ ಎನ್ನುವವರಿರುತ್ತಾರೆ. ಪಾರದರ್ಶಕ ಪೊಟ್ಟಣವಾದರೆ ಕೆಂಪನ್ನು ಪುಡಿಯೇ ತೋರಿಸುತ್ತದೆ.

ಡಿಜಿಟಲ್ ಮುದ್ರಣಕ್ಕೆ ಪ್ಲೇಟ್ ಬೇಡ, ಆದರೆ ಹಾಳೆಯೊಂದರ ದರ ಹೆಚ್ಚು. ಲೆಕ್ಕಕ್ಕಾಗಿ ಆಫ್‌ಸೆಟ್‌ನ ಪ್ಲೇಟ್ ಮತ್ತು ಯಂತ್ರ ಸಿದ್ಧತೆಗೆ 1,500 ರೂಪಾಯಿ, ಅನಂತರ ಲೇಬಲ್ ಒಂದಕ್ಕೆ 50 ಪೈಸೆ ಎಂದಿಟ್ಟುಕೊಳ್ಳೋಣ. ಡಿಜಿಟಲ್‌ನಲ್ಲಿ ಲೇಬಲ್ ಒಂದಕ್ಕೆ 1 ರೂಪಾಯಿ. 3,000 ಲೇಬಲ್‌ಗಳಲ್ಲಿ ಎರಡರ ವೆಚ್ಚವೂ ಸಮವಾಗುತ್ತದೆ. ಅದಕ್ಕಿಂತ ಕಡಿಮೆ ಬೇಕಿದ್ದರೆ ಡಿಜಿಟಲ್ ಲಾಭಕರ. ಸ್ಥಳೀಯ ದರಗಳನ್ನು ವಿಚಾರಿಸಿ ಇದೇ ರೀತಿ ಲೆಕ್ಕ ಹಾಕತಕ್ಕದ್ದು. ಮೊದಲ ಬಾರಿ ಮಾರುಕಟ್ಟೆಗೆ ಹೋಗುವ ಗುಂಪು ಐನೂರರಷ್ಟು ಮಾತ್ರ ಮುದ್ರಿಸುವುದು ಕ್ಷೇಮ, ಏಕೆಂದರೆ ತೂಕವೂ ವಿಳಾಸವೂ ಬದಲಾಗುವುದು ಆ ಹಂತದಲ್ಲಿಯೇ.

ಲೇಬಲ್‌ನ ಅಳತೆಯನ್ನು ಹಾಳೆ ನೋಡಿ ನಿರ್ಧರಿಸಬೇಕು. 12×18 ಅಂಗುಲದ ಹಾಳೆಯಲ್ಲಿ 7×8.5 ಸೆಂಟಿಮೀಟರ್‌ನ ಲೇಬಲ್ 20 ಹಿಡಿಸುತ್ತವೆ. ಅಗಲವನ್ನು ಅರ್ಧ ಸೆಂಟಿಮೀಟರ್ ಹೆಚ್ಚಿಸಿದರೆ ಅಂಚಿಗೆ ಜಾಗ ಸಾಲದೆ 15ಕ್ಕೆ ಇಳಿಯುತ್ತದೆ. ಸಾವಿರ ಲೇಬಲ್‌ಗೆ 50 ಹಾಳೆಯ ಬದಲು 67 ಹಾಳೆ.

ಕನ್ನಡ ಅಕ್ಷರದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಒತ್ತಕ್ಷರಗಳು ಕೆಳಗಿಳಿಯುವುದರಿಂದ ಇಂಗ್ಲಿಷ್‌ಗೆ ಸಾಕಾಗುವ ಸಾಲಂತರ ಕನ್ನಡಕ್ಕೆ ಸಾಲದು. 'ಸ್ತ್ರೀ' ಎಂಬ ಅಕ್ಷರವನ್ನು ಸಣ್ಣದಾಗಿ ಅಚ್ಚು ಹಾಕಿಸಿ ನೋಡಿದರೆ ತಿಳಿಯುತ್ತದೆ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಆ ಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಆದ್ದರಿಂದ ಯುನಿಕೋಡ್ ಬಳಸಿ, ಅಕ್ಷರಶೈಲಿ ಒಳಗೊಂಡ ಪಿಡಿಎಫ್ ಅನ್ನೇ ಮುದ್ರಣಾಲಯಕ್ಕೆ ಕೊಡತಕ್ಕದ್ದು. ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ ಮುಂತಾದ ಶೈಲಿಗಳನ್ನು ವ್ಯಾಪಾರಕ್ಕೂ ಉಚಿತವಾಗಿ ಬಳಸಬಹುದು. ಲಾಂಛನ ರಚನೆಗೆ ಇಂಕ್‌ಸ್ಕೇಪ್ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ; ಅದರಲ್ಲಿ ರೇಖೆಗಳಿಂದ ಬರೆದ ಚಿತ್ರ ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ.

ಉತ್ಪನ್ನದ ಹೆಸರು, ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಯಾರಕರ ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇವು ಲೇಬಲ್‌ನಲ್ಲಿ ಇರಲೇಬೇಕು. ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿ ಹಿಂದಿಯಲ್ಲಿ ಇರಬೇಕೆಂಬುದು ನಿಯಮ. ಅದರ ಜೊತೆಗೆ ಕನ್ನಡ. ಕನ್ನಡದಲ್ಲಿ ಮಾತ್ರ ಅಚ್ಚಾದ ಲೇಬಲ್ ತಪಾಸಣೆಯಲ್ಲಿ ನಿಲ್ಲುವುದಿಲ್ಲ. ತಯಾರಿಕೆಯ ದಿನಾಂಕ, ತಂಡ ಸಂಖ್ಯೆ, ಗರಿಷ್ಠ ಮಾರಾಟ ಬೆಲೆ ಪದೇ ಪದೇ ಬದಲಾಗುವುದರಿಂದ ಅವುಗಳಿಗೆ ಖಾಲಿ ಚೌಕ ಬಿಟ್ಟು ಮೊಹರಿನಿಂದ ತುಂಬಬೇಕು. ಮೊಹರಿನ ಮಸಿ ಹೊಳಪು ಕಾಗದದ ಮೇಲೆ ಒರೆಸಿಹೋಗುವುದರಿಂದ ಮಂದ ಮೇಲ್ಮೈಯ ಕಾಗದವನ್ನೇ ಆರಿಸತಕ್ಕದ್ದು.

ಕರಡಚ್ಚನ್ನು ಮೊಬೈಲ್‌ನಲ್ಲಿ ನೋಡಿ ಒಪ್ಪದೆ, ಕಾಗದದ ಮೇಲೆ ನಿಜ ಅಳತೆಯಲ್ಲಿ ತರಿಸಬೇಕು. ಅದನ್ನು ಪೊಟ್ಟಣಕ್ಕೆ ಅಂಟಿಸಿ, ವಿನ್ಯಾಸದಲ್ಲಿ ಪಾಲ್ಗೊಳ್ಳದ ಒಬ್ಬ ಸದಸ್ಯೆಯಿಂದ ಓದಿಸಿ, ಅಧ್ಯಕ್ಷೆ ಮತ್ತು ಕಾರ್ಯದರ್ಶಿ ಇಬ್ಬರೂ ಸಹಿ ಮಾಡತಕ್ಕದ್ದು. ಹಣ ಪಾವತಿಸುವಾಗ ತಿದ್ದಲು ಬರುವ ಮೂಲ ಕಡತವನ್ನೂ ಕೇಳಿ ಪಡೆಯಬೇಕು. ಇಲ್ಲವಾದರೆ ದೂರವಾಣಿ ಸಂಖ್ಯೆ ಬದಲಾದಾಗಲೂ ವಿನ್ಯಾಸಕ್ಕೆ ಮತ್ತೆ ಹಣ ತೆರಬೇಕಾಗುತ್ತದೆ. ಕಡತದ ಒಂದು ಪ್ರತಿ ಒಕ್ಕೂಟದ ಗಣಕಯಂತ್ರದಲ್ಲಿ, ಇನ್ನೊಂದು ಪೆನ್‌ಡ್ರೈವ್‌ನಲ್ಲಿ ನಡಾವಳಿ ಪುಸ್ತಕದ ಜೊತೆಗೆ ಇರಲಿ.