ಕಾಲುವೆ ತೋಡುವ ಮುಂಚೆ ಕೊನೇ ಹೊಲ ನೋಡಿ

ವಾಣಿವಿಲಾಸ ಸಾಗರ ಕೋಡಿ ಬಿತ್ತು ಅಂದ್ರೆ ಹಿರಿಯೂರು ಸೀಮೆಗೆಲ್ಲ ಹಬ್ಬ. ಆದರೆ ಈ ಹಬ್ಬ ಎಷ್ಟು ಸಲ ಬಂತು? ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ಈ ಅಣೆಕಟ್ಟೆ ಮುಗಿದದ್ದು 1907ರಲ್ಲಿ. ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 89 ವರ್ಷ ಕಾದು 2022ರಲ್ಲಿ, ಮೂರನೇ ಸಲ 2025ರ ಜನವರಿಯಲ್ಲಿ. ನಡುವೆ ಜಲಾಶಯದ ತಳ ಕಂಡು, ಅಚ್ಚುಕಟ್ಟಿನ ತೆಂಗು ಒಣಗಿದ್ದೂ ಉಂಟು. ಹಾಗಾಗಿ ಹೊಲಗಾಲುವೆಯ ಲೆಕ್ಕವನ್ನು ನೀರು ತುಂಬಿದ ವರ್ಷಕ್ಕೆ ಹಾಕಬಾರದು, ಕೊರತೆಯ ವರ್ಷಕ್ಕೆ ಹಾಕಬೇಕು. ಅದೂ ತೂಬಿನ ಬುಡದಿಂದ ಅಲ್ಲ, ಕೊನೇ ಹೊಲದಿಂದ.

ಲೆಕ್ಕ ಸುಲಭ. 1 ಕ್ಯೂಸೆಕ್ ನೀರು ಒಂದು ಗಂಟೆ ಹರಿದರೆ ಒಂದು ಎಕರೆಯಲ್ಲಿ ಹೆಚ್ಚುಕಡಿಮೆ ಒಂದು ಇಂಚು ನಿಲ್ಲುತ್ತೆ. ಐದು ಎಕರೆಗೆ ಎರಡಿಂಚು ಬೇಕಾದ್ರೆ 10 ಗಂಟೆ. ಇಷ್ಟು ನೀರು ಸಾಗಿಸಲು ತಳ 1 ಅಡಿ, ನೀರಿನ ಆಳ ಮುಕ್ಕಾಲು ಅಡಿ, ಪಕ್ಕದ ಗೋಡೆ ಒಂದಕ್ಕೆ ಒಂದು ಓರೆ, ಇಳಿಜಾರು ಸಾವಿರ ಅಡಿಗೆ ಒಂದು ಅಡಿ ಇದ್ದರೆ ಸಾಕು. ನೀರಿನ ಮೇಲೆ ಅರ್ಧ ಅಡಿ ದಂಡೆ ಬಿಡಿ. ಕಳೆ ತುಂಬಿದರೆ ಈ ಲೆಕ್ಕ ಹಿಡಿಯೋದಿಲ್ಲ.

ಮಟ್ಟ ನೋಡೋಕೆ ಗಾರೆ ಕೆಲಸದವರ ಪಾರದರ್ಶಕ ಪೈಪು ಸಾಕು. ನೀರು ತುಂಬಿ, ಗುಳ್ಳೆ ಉಳಿಯದಂತೆ ನೋಡಿ, ಎರಡು ಗೂಟಕ್ಕೆ ಹಿಡಿಯಿರಿ. ನೂರು ಅಡಿಗೆ ಒಂದೂಕಾಲು ಇಂಚು ಇಳಿಯುವಂತೆ ಗುರುತು ಹಾಕುತ್ತಾ ಹೋಗಿ. ಕಣ್ಣಳತೆ ಬೇಡ, ಕಣ್ಣಿಗೆ ಸಮ ಕಂಡ ಜಾಗದಲ್ಲೇ ನೀರು ಹಿಂದಕ್ಕೆ ನಿಲ್ಲೋದು. ಕಾಲುವೆ ಹೊಲದ ಎತ್ತರದ ಅಂಚಿನಲ್ಲೇ ಸಾಗಬೇಕು. ಬದು ನೇರ ಇದೆ ಅಂತ ಕಾಲುವೆಯನ್ನೂ ನೇರ ಎಳೆದರೆ ಮೇಲಿನ ಮೂಲೆಗೆ ನೀರು ಹತ್ತೋದೇ ಇಲ್ಲ.

ಇನ್ನು ಮಣ್ಣು. ಹೊಸದುರ್ಗ, ಹೊಳಲ್ಕೆರೆಯ ಮರಳು ಮಿಶ್ರಿತ ಕೆಂಪು ಭೂಮಿ ನೀರು ಕುಡಿಯುವುದರಲ್ಲಿ ಮುಂದು. ಎಷ್ಟು ಕುಡಿಯುತ್ತೆ ಅಂತ ನೀವೇ ಅಳೆಯಬಹುದು. ಕಾಲುವೆಯ 20 ಅಡಿ ಭಾಗಕ್ಕೆ ಎರಡೂ ಕಡೆ ಮಣ್ಣಿನ ಅಡ್ಡ ಕಟ್ಟಿ. ಒಮ್ಮೆ ನೆನೆಸಿ, ಮತ್ತೆ ತುಂಬಿ, ಗೂಟಕ್ಕೆ ಗೆರೆ ಹಾಕಿ ಒಂದು ಗಂಟೆ ಬಿಡಿ. ನೀರು 1 ಇಂಚು ಇಳಿದಿದ್ದರೆ, ಮೇಲೆ ಹೇಳಿದ ಅಳತೆಯ ಸಾವಿರ ಅಡಿ ಕಾಲುವೆಯಲ್ಲಿ ನೂರಕ್ಕೆ ಆರು ಪಾಲು ನಷ್ಟ. 3 ಇಂಚು ಇಳಿದರೆ ಆರರಲ್ಲೊಂದು ಪಾಲು ಹೋಯಿತು ಅಂತಲೇ ತಿಳೀರಿ. ಅಂಥ ಕಡೆ ಪೂರಾ ಕಾಲುವೆಗೆ ಸಿಮೆಂಟ್ ಹಾಕುವಷ್ಟು ದುಡ್ಡು ಯಾರ ಹತ್ರ ಇದೆ? ಹೆಚ್ಚು ಸೋರುವ ತುಂಡು ಹುಡುಕಿ, ಅಷ್ಟಕ್ಕೆ ಎರೆಮಣ್ಣು ಮೆತ್ತಿ ಗಟ್ಟಿಸಿ, ಇಲ್ಲವೇ ಪೈಪು ಹೂಳಿ. ಕಡಿದಾದ ಜಾಗದಲ್ಲಿ ಕಾಲುವೆ ಕೊರೆಯುತ್ತೆ; ಅಲ್ಲಿ ಒಂದೊಂದು ಅಡಿ ಮೆಟ್ಟಿಲು ಕೊಟ್ಟು, ನೀರು ಬೀಳೋ ಕಡೆ ಚಪ್ಪಡಿ ಹಾಸಿ.

ಹಿರಿಯೂರು, ಚಿತ್ರದುರ್ಗದ ಎರೆ ಹೊಲದ ಕಷ್ಟ ಬೇರೆ. ಒಣಗಿದಾಗ ಬಿರುಕು ಮೊದಲ ನೀರನ್ನೆಲ್ಲ ನುಂಗುತ್ತೆ. ನೆನೆದ ಮೇಲೆ ಇಳಿಯೋದೇ ಇಲ್ಲ. ವರ್ಷಾನುಗಟ್ಟಲೆ ಹೀಗೇ ಹಾಯಿಸಿದರೆ ಉಪ್ಪು ಮೇಲೆದ್ದು ಹೊಲ ಸವಳಾಗುತ್ತೆ. ಸವಳಾದ ಎರೆ ಭೂಮಿಯನ್ನು ಸರಿಮಾಡೋದು ಹೊಸ ಜಮೀನು ಕೊಂಡಷ್ಟೇ ಕಷ್ಟ. ಆದ್ದರಿಂದ ಇಲ್ಲಿ ಮೊದಲು ಬಸಿಗಾಲುವೆ, ಆಮೇಲೆ ನೀರಿನ ಕಾಲುವೆ. ಹೊಲದ ತಗ್ಗಿನಲ್ಲಿ ಎರಡು ಮೂರು ಅಡಿ ಆಳ ತೋಡಿ ಹಳ್ಳಕ್ಕೆ ಸೇರಿಸಿ. ಕೆಳಗಿನವರ ಹೊಲಕ್ಕೆ ಬಿಟ್ಟು ಕೈತೊಳೆದುಕೊಳ್ಳೋದು ಬಸಿಗಾಲುವೆಯಲ್ಲ, ಜಗಳಕ್ಕೆ ದಾರಿ.

ಭದ್ರಾ ಮೇಲ್ದಂಡೆ ಯೋಜನೆಯ ನೀರಿಗೆ ಕಾದಿರುವವರಿಗೊಂದು ಮಾತು. ಆ ಯೋಜನೆ ರೂಪಿಸಿರೋದೇ ಹನಿ ನೀರಾವರಿಗೆ. ಅದನ್ನು ನಂಬಿ ಹೊಲದ ತುಂಬ ದೊಡ್ಡ ಕಾಲುವೆ ತೋಡಿ ಜಾಗ ಕಳೆಯಬೇಡಿ. ಬಸಿಗಾಲುವೆ ಮಾತ್ರ ಹೇಗೂ ಬೇಕು, ಮಳೆನೀರಿಗಾದರೂ.

ಕೊನೆಗೆ ಪಾಳಿಯ ವಿಚಾರ. ಮೇಲೆ ಹೇಳಿದ ಕಾಲುವೆಯಲ್ಲಿ ಸಾವಿರ ಅಡಿ ದಾಟಲು ನೀರಿಗೆ ಇಪ್ಪತ್ತು ನಿಮಿಷಕ್ಕೂ ಮೇಲೆ ಬೇಕು. ಒಣ ಕಾಲುವೆಯಾದರೆ ಇನ್ನೂ ಜಾಸ್ತಿ. ತೂಬು ಎತ್ತಿದ ಹೊತ್ತಿನಿಂದ ಗಡಿಯಾರ ನೋಡಿದರೆ ಕೊನೆಯವನ ಪಾಳಿ ದಾರಿಯಲ್ಲೇ ಕರಗಿತು. ನೀರು ಅವನ ಬದುವಿಗೆ ಮುಟ್ಟಿದ ಗಳಿಗೆಯಿಂದ ಹೊತ್ತು ಎಣಿಸುವುದು ಅಂತ ಪಾಳಿ ಚೀಟಿಯಲ್ಲೇ ಬರೆಸಿ. ಒಪ್ಪಂದ ಗುದ್ದಲಿ ಹಾಕುವ ಮುಂಚೆಯೇ ಆಗಲಿ; ನೀರು ಬಂದ ಮೇಲೆ ಮೇಲಿನವರು ಯಾರೂ ಸಹಿ ಹಾಕೋದಿಲ್ಲ.