ಫಿಂಗರ್ ಚಿಪ್ಸ್: ಹೆಚ್ಚುವಾಗಲೇ ಎಣ್ಣೆಯ ಲೆಕ್ಕ



ಶಾಲೆಯಿಂದ ಬಂದ ಮಕ್ಕಳು ಫಿಂಗರ್ ಚಿಪ್ಸ್ ಕೇಳ್ತಾರೆ. ಹೊರಗಿನದು ಬೇಡ, ಮನೆಯಲ್ಲೇ ಮಾಡಿಕೊಡೋಣ ಅಂತ ಒಲೆ ಹಚ್ಚುತ್ತೇವೆ. ಆಮೇಲೆ ನೋಡಿದರೆ ಕೆಲವು ತುಂಡು ಕಪ್ಪಾಗಿರುತ್ತವೆ, ಕೆಲವು ಒಳಗೆ ಹಸಿಯಾಗಿರುತ್ತವೆ, ತಟ್ಟೆಯ ತಳದಲ್ಲಿ ಎಣ್ಣೆ ನಿಂತಿರುತ್ತದೆ. ಆಗ ಒಲೆಯನ್ನು ಬಯ್ಯುತ್ತೇವೆ, ಎಣ್ಣೆಯನ್ನು ಬಯ್ಯುತ್ತೇವೆ. ಆದರೆ ತಪ್ಪು ಅದಕ್ಕೂ ಮೊದಲೇ, ಚಾಕು ಹಿಡಿದಾಗಲೇ ಆಗಿರುತ್ತದೆ.

ನಮಗೂ ಇದು ತಡವಾಗಿಯೇ ಗೊತ್ತಾದದ್ದು. ಒಮ್ಮೆ ಹಬ್ಬದ ದಿನ ನಮ್ಮ ಸಂಘದಿಂದ ತಿಂಡಿ ಅಂಗಡಿ ಹಾಕಿದ್ದೆವು. ಹತ್ತು ಕೆ.ಜಿ. ಆಲೂಗೆಡ್ಡೆ ಹೆಚ್ಚಲು ಐದು ಜನ ಕೂತೆವು. ಐದು ಕೈ, ಐದು ಅಳತೆ! ಎಲ್ಲವನ್ನೂ ಒಂದೇ ಬಾಣಲೆಗೆ ಸುರಿದೆವು. ಸಂಜೆ ಲೆಕ್ಕ ಹಾಕಿದರೆ ಎಣ್ಣೆಯ ಖರ್ಚು ಕಳೆದು ಕೈಗೆ ಉಳಿದದ್ದು ಏನೂ ಇಲ್ಲ. ಅಂದಿನಿಂದ ಅಳತೆಯ ಬಗ್ಗೆ ಯೋಚನೆ ಮಾಡಿದೆವು.

ಒಂದು ಸಣ್ಣ ಲೆಕ್ಕ ನೋಡಿ. 6 ಸೆಂ.ಮೀ. ಉದ್ದ, 1 ಸೆಂ.ಮೀ. ದಪ್ಪ ಮತ್ತು ಅಗಲದ ಒಂದು ತುಂಡು ತೆಗೆದುಕೊಳ್ಳಿ. ಅದರ ಹೊರಮೈ ಒಟ್ಟು 26 ಚದರ ಸೆಂ.ಮೀ. ಅದನ್ನೇ ಉದ್ದುದ್ದಕ್ಕೆ ಸೀಳಿ ನಾಲ್ಕು ಸಣ್ಣ ಕಡ್ಡಿ ಮಾಡಿದರೆ ಹೊರಮೈ 50 ಚದರ ಸೆಂ.ಮೀ. ಆಗುತ್ತದೆ. ಆಲೂಗೆಡ್ಡೆ ಅಷ್ಟೇ, ತೂಕವೂ ಅಷ್ಟೇ, ಎಣ್ಣೆ ಹಿಡಿಯುವ ಮೈ ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟು. ತೆಳ್ಳಗೆ ಬಿಲ್ಲೆ ಮಾಡಿ ಕರಿದ ಚಿಪ್ಸ್‌ನ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಎಣ್ಣೆಯೇ ಇರುವುದು ಇದೇ ಕಾರಣಕ್ಕೆ.

ಮೊದಲು ಗೆಡ್ಡೆ ಆರಿಸೋಣ. ಹಾಸನದ ಕಡೆ ಬಹುಕಾಲದಿಂದ ಬೆಳೆಯುತ್ತಾ ಬಂದಿರುವುದು ಕುಫ್ರಿ ಜ್ಯೋತಿ. ಕುಫ್ರಿ ಅಂದರೆ ಶಿಮ್ಲಾ ಹತ್ತಿರದ ಒಂದು ಊರು. ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯ ತಳಿಗಳಿಗೆಲ್ಲ ಆ ಊರಿನ ಹೆಸರೇ ಮೊದಲು ಬರುತ್ತದೆ. ಫಿಂಗರ್ ಚಿಪ್ಸ್‌ಗಾಗಿಯೇ ಅವರು ಕುಫ್ರಿ ಫ್ರೈಸೋನಾ ಎಂಬ ತಳಿಯನ್ನೂ ಕೊಟ್ಟಿದ್ದಾರೆ. ನಮ್ಮ ಸಂತೆಯಲ್ಲಿ ತಳಿ ಕೇಳಿ ಕೊಳ್ಳಲು ಆಗುವುದಿಲ್ಲ, ಬಿಡಿ. ಅದಕ್ಕೊಂದು ಉಪಾಯವಿದೆ: ಒಂದು ಬಟ್ಟಲು ಪುಡಿ ಉಪ್ಪನ್ನು ಹನ್ನೊಂದು ಬಟ್ಟಲು ನೀರಿನಲ್ಲಿ ಕರಗಿಸಿ ಗೆಡ್ಡೆ ಹಾಕಿ. ಮುಳುಗಿದರೆ ಹಿಟ್ಟಿನ ಅಂಶ ಜಾಸ್ತಿ ಇದೆ, ಕರಿಯಲು ಒಳ್ಳೆಯದು. ತೇಲಿದರೆ ನೀರು ಜಾಸ್ತಿ, ಅದು ಸಾಗು, ಹುಳಿಗೆ ಇರಲಿ. ಫ್ರಿಜ್‌ನಲ್ಲಿ ಇಟ್ಟ ಗೆಡ್ಡೆಯಲ್ಲಿ ಸಕ್ಕರೆ ಹೆಚ್ಚಾಗಿ ಬಾಣಲೆಯಲ್ಲಿ ಬೇಗ ಕಂದುತ್ತದೆ, ಆದ್ದರಿಂದ ಕತ್ತಲೆ ಮೂಲೆಯಲ್ಲಿ ಗಾಳಿಯಾಡುವ ಬುಟ್ಟಿಯಲ್ಲಿಡಿ. ಸಿಪ್ಪೆ ಹಸಿರಾಗಿದ್ದರೆ ಅದನ್ನು ಮಕ್ಕಳಿಗೆ ಕೊಡಲೇಬೇಡಿ. ಹಸಿರಿನ ಜೊತೆ ಸೋಲನೈನ್ ಎಂಬ ವಿಷವೂ ಇರುತ್ತದೆ, ಕರಿದರೂ ಅದು ಹೋಗುವುದಿಲ್ಲ.

ಈಗ ಆಕಾರಗಳ ವಿಷಯ. ಬೆರಳಿನ ಆಕಾರಕ್ಕೆ ಮೊದಲು ಗೆಡ್ಡೆಯ ಒಂದು ಪಕ್ಕದಲ್ಲಿ ತೆಳ್ಳಗೆ ಒಂದು ಪದರ ತೆಗೆಯಿರಿ. ಆ ಚಪ್ಪಟೆ ಭಾಗವನ್ನು ಕೆಳಗೆ ಮಾಡಿ ಮಣೆಯ ಮೇಲೆ ಕೂರಿಸಿದರೆ ಗೆಡ್ಡೆ ಉರುಳುವುದಿಲ್ಲ, ಬೆರಳೂ ಉಳಿಯುತ್ತದೆ. ನಂತರ 1 ಸೆಂ.ಮೀ. ದಪ್ಪದ ಹಲಗೆಗಳಾಗಿ ಹೆಚ್ಚಿ. ಎರಡೆರಡು ಹಲಗೆ ಒಂದರ ಮೇಲೊಂದಿಟ್ಟು ಮತ್ತೆ 1 ಸೆಂ.ಮೀ. ಅಂತರದಲ್ಲಿ ಉದ್ದಕ್ಕೆ ಸೀಳಿ. ಮೊದಲ ತುಂಡನ್ನು ಮಣೆಯ ಮೇಲೆ ಮಾದರಿಯಾಗಿ ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೋಲಿಸಿ. ಐದು ಜನ ಕೂತರೆ ಐದೂ ಜನರ ಮುಂದೆ ಒಂದೊಂದು ಮಾದರಿ ಇರಲಿ. ಅಂಚಿನ ಚೂರುಗಳನ್ನು ಬಾಣಲೆಗೆ ಸೇರಿಸದೆ ಪಲ್ಯಕ್ಕೆ ಹಾಕಿ, ಏಕೆಂದರೆ ಮೊದಲು ಸುಡುವುದು ಅವೇ.

ಮನೆ ಮಟ್ಟಿಗೆ ನನಗೆ ಹೆಚ್ಚು ಇಷ್ಟವಾದದ್ದು ಕಿತ್ತಳೆ ತೊಳೆಯ ಆಕಾರ. ಚೆನ್ನಾಗಿ ತಿಕ್ಕಿ ತೊಳೆದ ಗೆಡ್ಡೆಯನ್ನು ಸಿಪ್ಪೆ ಸಮೇತ ಉದ್ದಕ್ಕೆ ಎರಡು ಹೋಳು ಮಾಡಿ, ಒಂದೊಂದು ಹೋಳನ್ನು ಮೂರು ನಾಲ್ಕು ತೊಳೆಯಾಗಿ ಸೀಳಿದರೆ ಮುಗಿಯಿತು. ಏನೂ ದಂಡವಾಗುವುದಿಲ್ಲ, ಎಣ್ಣೆಯೂ ಕಡಿಮೆ ಹಿಡಿಯುತ್ತದೆ. ದಪ್ಪ ಇರುವುದರಿಂದ ಉಪ್ಪು ನೀರಿನಲ್ಲಿ ಅರೆಬೇಯಿಸಿ ಬಸಿದು, ತಣಿದ ಮೇಲೆ ಕರಿಯಬೇಕು.

ಬೆಂಕಿಕಡ್ಡಿಯಷ್ಟು ಸಣ್ಣದು ಗರಿಗರಿ ನಿಜ, ಆದರೆ ಎಣ್ಣೆ ಕುಡಿಯುತ್ತದೆ. ಅಲೆ ಅಲೆ ಬ್ಲೇಡಿನಲ್ಲಿ ಕೊಯ್ದದ್ದೂ ಹಾಗೆಯೇ. ಅದೇ ಬ್ಲೇಡಿನ ಸ್ಲೈಸರ್ ಇದ್ದರೆ ಜಾಲರಿ ಆಕಾರವನ್ನೂ ಮಾಡಬಹುದು: ಒಂದು ಸಲ ಉಜ್ಜಿ, ಗೆಡ್ಡೆಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಉಜ್ಜಿ. ಪ್ರತಿ ಬಿಲ್ಲೆಗೂ ಹೀಗೆ ತಿರುಗಿಸುತ್ತಾ ಹೋದರೆ ತೂತು ತೂತಾಗಿ ಬೀಳುತ್ತದೆ. ತೂತು ಬೀಳದಿದ್ದರೆ ಬಿಲ್ಲೆ ದಪ್ಪವಾಯಿತು ಅಂತ ಅರ್ಥ. ಜಾತ್ರೆಯಲ್ಲಿ ಕಡ್ಡಿಗೆ ಚುಚ್ಚಿ ಮಾರುವ ಸ್ಪ್ರಿಂಗ್ ಆಲೂಗೆ ಮಿಷನ್ನೇ ಬೇಕೆಂದಿಲ್ಲ. ಗೆಡ್ಡೆಯ ನಡುವೆ ಬಿದಿರು ಕಡ್ಡಿ ತೂರಿಸಿ, ಚಾಕುವನ್ನು ಸ್ವಲ್ಪ ಓರೆ ಹಿಡಿದು, ಕಡ್ಡಿ ತಾಗುವವರೆಗೆ ಇಳಿಸಿ, ಗೆಡ್ಡೆಯನ್ನು ನಿಧಾನ ಸುತ್ತಿಸುತ್ತಾ ಹೋಗಿ. ಆಮೇಲೆ ಮೆಲ್ಲಗೆ ಎಳೆದರೆ ಸುರುಳಿ ಬಿಚ್ಚಿಕೊಳ್ಳುತ್ತದೆ. ಮೊದಲ ಎರಡು ಮುರಿಯುತ್ತವೆ, ಬೇಜಾರು ಬೇಡ. ಮಾರಾಟಕ್ಕೆ ಇದು ಒಳ್ಳೆಯದು, ನೋಡಿದವರು ನಿಲ್ಲುತ್ತಾರೆ. ದಿನವೂ ಮಕ್ಕಳಿಗೆ ಕೊಡಲು ಮಾತ್ರ ಅಲ್ಲ.

ಯಾವ ಆಕಾರವಾದರೂ ಹೆಚ್ಚಿದ ತಕ್ಷಣ ನೀರಿಗೆ ಹಾಕಿ, ತಿಳಿಯಾಗುವವರೆಗೆ ತೊಳೆದು, ಅರ್ಧ ಗಂಟೆ ನೆನೆಸಿ. ಮೇಲ್ಮೈಯ ಹಿಟ್ಟು, ಸಕ್ಕರೆ ಇಳಿದು ಹೋಗಿ ಬಣ್ಣ ಸಮನಾಗಿ ಬರುತ್ತದೆ. ಮೊದಲ ನೀರಿನ ತಳದಲ್ಲಿ ಕೂತ ಬಿಳಿ ಹಿಟ್ಟನ್ನು ಚೆಲ್ಲಬೇಡಿ, ಬಿಸಿ ನೀರಿನಲ್ಲಿ ಕಾಯಿಸಿದರೆ ಹತ್ತಿ ಸೀರೆಗೆ ಗಂಜಿಯಾಗುತ್ತದೆ. ನೆನೆದ ತುಂಡುಗಳನ್ನು ಬಟ್ಟೆಯಲ್ಲಿ ಪೂರ್ತಿ ಒರೆಸಿ. ತೇವವಿದ್ದರೆ ಎಣ್ಣೆ ಉಕ್ಕಿ ಮೈಮೇಲೆ ಹಾರುತ್ತದೆ.

ಎರಡು ಸಲ ಕರಿಯಬೇಕು. ಮೊದಲ ಸಲ ಹದವಾದ ಉರಿಯಲ್ಲಿ ನಾಲ್ಕೈದು ನಿಮಿಷ, ಬಣ್ಣ ಬರಬಾರದು, ಒಳಗೆ ಬೇಯಬೇಕು ಅಷ್ಟೇ. ತೆಗೆದು ಆರಲು ಬಿಡಿ. ಎರಡನೆಯ ಸಲ ಎಣ್ಣೆ ಚೆನ್ನಾಗಿ ಕಾದಿರಬೇಕು, ಹೊಂಬಣ್ಣ ಬಂದ ಕೂಡಲೇ ಎತ್ತಿ. ಕಂದು ಬಣ್ಣದವರೆಗೆ ಬಿಡಬೇಡಿ. ಹೀಗೆ ಕರಿದ ಪದಾರ್ಥದಲ್ಲಿ ಅಕ್ರಿಲಮೈಡ್ ಎಂಬ ವಸ್ತು ಹುಟ್ಟುತ್ತದೆಂದು 2002ರಲ್ಲಿ ಸ್ವೀಡನ್ ದೇಶದ ವಿಜ್ಞಾನಿಗಳು ತಿಳಿಸಿದರು. ಬಣ್ಣ ಕಪ್ಪಾದಷ್ಟೂ ಅದು ಹೆಚ್ಚು. ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಅದರಿಂದ ಕ್ಯಾನ್ಸರ್ ಬಂದದ್ದು ಕಂಡಿದೆ. ಅಳತೆ ಸಮ ಇದ್ದರೆ ಒಂದು ಬೇಯಲಿ ಅಂತ ಇನ್ನೊಂದನ್ನು ಸುಡಬೇಕಾಗುವುದಿಲ್ಲ.

ಇನ್ನೊಂದು ಮಾತು. ಎಣ್ಣೆ ಹೆಚ್ಚಾಗಿ ಒಳಗೆ ಹೋಗುವುದು ಬಾಣಲೆಯಲ್ಲಿ ಅಲ್ಲ, ಹೊರಗೆ ತೆಗೆದ ಮೇಲೆ. ತುಂಡು ತಣಿಯುವಾಗ ಮೇಲಿನ ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ತೂತಿನ ಸೌಟಿನಲ್ಲಿ ಎತ್ತಿ, ಬಿಸಿಯಿರುವಾಗಲೇ ಬಾಣಲೆಯ ಮೇಲೆಯೇ ಚೆನ್ನಾಗಿ ಕೊಡವಿ. ಉಪ್ಪು ಕೊನೆಗೆ.

ಮುಂದಿನ ಸಭೆಗೆ ಮುಂಚೆ ಇದನ್ನು ಮಾಡಿ ನೋಡಿ: ಅರ್ಧ ಕೆ.ಜಿ. ಗೆಡ್ಡೆಯನ್ನು ಬೆರಳಿನ ದಪ್ಪಕ್ಕೆ, ಇನ್ನರ್ಧ ಕೆ.ಜಿ.ಯನ್ನು ಬೆಂಕಿಕಡ್ಡಿಯಷ್ಟು ಸಣ್ಣಗೆ ಹೆಚ್ಚಿ ಬೇರೆ ಬೇರೆಯಾಗಿ ಕರಿಯಿರಿ. ಪ್ರತಿ ಸಲವೂ ಎಣ್ಣೆಯನ್ನು ಅಳೆದು ಹಾಕಿ, ತಣಿದ ಮೇಲೆ ಉಳಿದದ್ದನ್ನು ಅಳೆಯಿರಿ. ಎರಡೂ ಲೆಕ್ಕವನ್ನು ಚೀಟಿಯಲ್ಲಿ ಬರೆದು ತನ್ನಿ.